ಸಿಂಥೆಟಿಕ್ ಆಯಿಲ್ ಡಬ್ಬಿಯೊಳಗೆ ಇರುವುದೇನು?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಇಂಜಿನ್ ಆಯಿಲ್ ಕೇಳಿದರೆ, "ಮಿನರಲ್ಲೋ, ಸೆಮಿಯೋ, ಫುಲ್ ಸಿಂಥೆಟಿಕ್ಕೋ ಸಾರ್?" ಎಂಬ ಪ್ರಶ್ನೆ ಎದುರಾಗುತ್ತದೆ. ಫುಲ್ ಸಿಂಥೆಟಿಕ್ ಎಂದರೆ ಕಚ್ಚಾತೈಲದ ಸೋಂಕೇ ಇಲ್ಲದೆ ಪ್ರಯೋಗಾಲಯದಲ್ಲಿ ಹುಟ್ಟಿದ ಎಣ್ಣೆ ಎಂದು ನಂಬಿ ನಾವು ಹೆಚ್ಚು ಹಣ ತೆರುತ್ತೇವೆ. ಈ ನಂಬಿಕೆಯನ್ನು ಬೆಳೆಸಿಕೊಂಡು ಬಂದಿರುವ ವ್ಯಾಪಾರದ ರೀತಿಯ ಬಗ್ಗೆಯೇ ನನ್ನ ತಕರಾರು.

ಇಂಜಿನ್ ಆಯಿಲ್‌ನ ಬಹುಪಾಲು ಮೂಲ ತೈಲ; ಉಳಿದದ್ದು ಅದಕ್ಕೆ ಬೆರೆಸುವ ರಾಸಾಯನಿಕಗಳು. ಅಮೆರಿಕದ ಪೆಟ್ರೋಲಿಯಂ ಉದ್ಯಮದ ಸಂಸ್ಥೆಯಾದ ಎಪಿಐ ಈ ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲೆರಡು ಗುಂಪುಗಳವು ಕಚ್ಚಾತೈಲವನ್ನು ಶುದ್ಧೀಕರಿಸಿ ಪಡೆದವು; ಮಿನರಲ್ ಆಯಿಲ್ ಎನ್ನುವುದು ಇವನ್ನೇ. ಮೂರನೆಯದೂ ಸಾಮಾನ್ಯವಾಗಿ ಅದೇ ಮೂಲದ್ದು, ಆದರೆ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳನ್ನು ಒಡೆದು ಮರುಜೋಡಿಸಿರುತ್ತಾರೆ; ಅದರ ಸ್ನಿಗ್ಧತಾ ಸೂಚ್ಯಂಕ (ಹೆಚ್ಚಿದ್ದಷ್ಟೂ ಶಾಖ ಬದಲಾದರೂ ಎಣ್ಣೆಯ ದಪ್ಪ ಅಷ್ಟಾಗಿ ಬದಲಾಗದು ಎಂದರ್ಥ) 120 ಅಥವಾ ಅದಕ್ಕಿಂತ ಹೆಚ್ಚು. ನಾಲ್ಕನೆಯದು ಪಿಎಒ, ಅಂದರೆ ಪಾಲಿ ಆಲ್ಫಾ ಓಲಿಫಿನ್: ಎಥಿಲೀನ್ ಅನಿಲದಿಂದ ಡೆಸೀನ್ ಎಂಬ ರಾಸಾಯನಿಕ ಮಾಡಿ, ಆ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಕಟ್ಟಿದ ಎಣ್ಣೆ. ಆ ಎಥಿಲೀನ್ ಕೂಡ ಬಹುತೇಕ ಪೆಟ್ರೋಲಿಯಂ ಅಥವಾ ನೈಸರ್ಗಿಕ ಅನಿಲದಿಂದಲೇ ಬರುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆಮ್ಲ ಮತ್ತು ಆಲ್ಕೋಹಾಲ್ ಸೇರಿಸಿ ಮಾಡುವ ಎಸ್ಟರ್ ಮುಂತಾದವು ಐದನೆಯ ಗುಂಪಿಗೆ ಸೇರುತ್ತವೆ. ಇನ್ನೊಂದು ವಿಚಿತ್ರವಿದೆ: ಕತಾರಿನ ರಾಸ್ ಲಫಾನ್‌ನಲ್ಲಿರುವ ಪರ್ಲ್ ಸ್ಥಾವರದಲ್ಲಿ ನೈಸರ್ಗಿಕ ಅನಿಲದಿಂದಲೇ ಕಟ್ಟುವ ಮೂಲ ತೈಲವೂ ಮೂರನೆಯ ಗುಂಪಿನಲ್ಲಿಯೇ ಕುಳಿತಿದೆ.

1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿಯು ತನ್ನ ಸಿಂಟೆಕ್ ಆಯಿಲ್‌ನಲ್ಲಿ ಪಿಎಒ ಬದಲು ಮೂರನೆಯ ಗುಂಪಿನ ತೈಲವನ್ನು ಬಳಸತೊಡಗಿತು. ಡಬ್ಬಿಯ ಮೇಲಿನ 'ಸಿಂಥೆಟಿಕ್' ಮಾತ್ರ ಹಾಗೆಯೇ ಉಳಿಯಿತು. ಮೊಬಿಲ್ ಕಂಪನಿ ಅಲ್ಲಿನ ಜಾಹೀರಾತು ಉದ್ಯಮದ ಸ್ವನಿಯಂತ್ರಣ ವಿಭಾಗಕ್ಕೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂತು. ನ್ಯಾಯಾಲಯದ ತೀರ್ಪಲ್ಲದಿದ್ದರೂ, ಮೂರನೆಯ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಲು ಮಾರುಕಟ್ಟೆಗೆ ಅಷ್ಟೇ ಸಾಕಾಯಿತು.

ಮೂರನೆಯ ಗುಂಪಿನ ಎಣ್ಣೆ ಕಳಪೆ ಎಂದು ನಾನು ಹೇಳುತ್ತಿಲ್ಲ. ಹೆದ್ದಾರಿಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವ ಇಂಜಿನ್‌ನಲ್ಲಿ ಅದು ಸಾಧಾರಣ ಮಿನರಲ್ ಆಯಿಲ್‌ಗಿಂತ ನಿಧಾನವಾಗಿ ಕೆಡುತ್ತದೆ. ಆದರೆ ಹಿಮದಲ್ಲಿಯೂ ಸರಾಗವಾಗಿ ಹರಿಯುತ್ತದೆ ಎಂಬ ಹೆಗ್ಗಳಿಕೆಗೆ ತುಮಕೂರಿನವರು ಏಕೆ ಹಣ ಕೊಡಬೇಕೋ ತಿಳಿಯದು. ಚಳಿಯಲ್ಲಿ ಹರಿಯುವ ಗುಣವನ್ನು ಸೂಚಿಸುವ 'ಡಬ್ಲ್ಯು' ದರ್ಜೆಗಳಲ್ಲಿ ಸಾಕಷ್ಟು ದಪ್ಪನೆಯದಾದ 20ಡಬ್ಲ್ಯು ಎಣ್ಣೆಯನ್ನೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸಿರುತ್ತಾರೆ.

ಬೈಕ್‌ನವರಿಗೆ ನಿಜವಾಗಿ ಬೇಕಾದ ಮಾಹಿತಿ ಡಬ್ಬಿಯ ಹಿಂಬದಿಯಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದ ಅಕ್ಷರಗಳಲ್ಲಿರುತ್ತದೆ: 10ಡಬ್ಲ್ಯು-30 (ಎಣ್ಣೆಯ ದಪ್ಪ), ಎಪಿಐ ಎಸ್‌ಎನ್ (ಗುಣಮಟ್ಟದ ದರ್ಜೆ), ಜಾಸೋ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುತ್ತದೆ ಎಂಬ ಜಪಾನಿನ ಮಾನದಂಡ). ಬೈಕಿನ ಕ್ಲಚ್ ಪ್ಲೇಟುಗಳು ಸಾಮಾನ್ಯವಾಗಿ ಇಂಜಿನ್ ಆಯಿಲ್‌ನಲ್ಲಿಯೇ ಮುಳುಗಿರುತ್ತವೆ. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿಸಿಕೊಂಡು ದೇವರಾಯನದುರ್ಗದ ಘಾಟಿ ಹತ್ತಲು ಹೊರಟರೆ, ಕ್ಲಚ್ ಜಾರಿ ಇಂಜಿನ್ ಬರೀ ಅರಚಿಕೊಳ್ಳುವ ಸಾಧ್ಯತೆಯಿದೆ. ಇಲ್ಲಿ ನೋಡಬೇಕಾದದ್ದು ಜಾಸೋ ಗುರುತು, 'ಫುಲ್ ಸಿಂಥೆಟಿಕ್' ಎಂಬ ಹೊಂಬಣ್ಣದ ಬರಹವಲ್ಲ.

ಮಿನರಲ್ ಮತ್ತು ಸಿಂಥೆಟಿಕ್ ಬೆರೆಸಿದ ಸೆಮಿ ಸಿಂಥೆಟಿಕ್‌ನದು ಇನ್ನೂ ಅಸ್ಪಷ್ಟ. ಯಾವ ಎಣ್ಣೆ ಎಷ್ಟು ಪಾಲು ಎಂಬುದನ್ನು ನಾನು ತಿರುಗಿಸಿ ನೋಡಿದ ಡಬ್ಬಿಗಳಲ್ಲಿ ಒಂದೂ ಹೇಳಲಿಲ್ಲ. ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಶೇಂಗಾ ಎಣ್ಣೆಯೋ ತಾಳೆ ಎಣ್ಣೆಯೋ ಎಂದು ಬರೆಯುವಂತೆ, ಮೂಲ ತೈಲದ ಗುಂಪನ್ನೂ ಅದರ ಪಾಲನ್ನೂ ಬೆಲೆಯ ಪಕ್ಕದಲ್ಲಿಯೇ ಮುದ್ರಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು.