ನೆನೆಸಿಟ್ಟರೆ ತೊಳೆದ ಹಾಗಾಯ್ತಾ?

ಭಾನುವಾರ ರಾತ್ರಿ ಸಿಂಕಿಗೆ ಬಿದ್ದ ಲಸಾನ್ಯ (ಪಾಸ್ತಾ, ಚೀಸ್ ಪದರದ ಅಡುಗೆ) ಬೇಯಿಸಿದ ಟ್ರೇ ಬುಧವಾರವೂ ಅಲ್ಲೇ ಇದೆ. ಪಕ್ಕದಲ್ಲೊಂದು ಚೀಟಿ: "ನೆನೆಸಿಟ್ಟಿದೀನಿ." ಮೂರು ದಿನ ಏನನ್ನು ನೆನೆಸೋದು?

ಅಮೆರಿಕದ ಕಾಲೇಜುಗಳ ಸಹಕಾರಿ ಸೊರೊರಿಟಿ ಮನೆಗಳಲ್ಲಿ, ಅಂದ್ರೆ ವಿದ್ಯಾರ್ಥಿನಿ ಸಂಘದವರು ಒಟ್ಟಿಗೆ ಇರೋ ಮನೆಗಳಲ್ಲಿ, ಖರ್ಚು ಕಡಿಮೆ ಇರೋದೇ ಹುಡುಗಿಯರು ಅಡುಗೆ, ಪಾತ್ರೆ, ಬಚ್ಚಲು ಎಲ್ಲ ಹಂಚಿಕೊಂಡು ಮಾಡೋದರಿಂದ. ಗೋಡೆ ಮೇಲೆ ಪಾಳಿ ಪಟ್ಟಿ ಇದೆ, ಹೆಸರೂ ಇದೆ. ಆದರೂ ಒಬ್ಬಳು ಬಿಟ್ಟಿದ್ದು ಇನ್ನೊಬ್ಬಳ ತಲೆಗೆ ಯಾಕೆ?

ಮೊಟ್ಟೆ, ಹಿಟ್ಟು ಅಂಟಿದ್ದಕ್ಕೆ ಮೊದಲು ತಣ್ಣೀರು ಹಾಕಬೇಕು. ಬಿಸಿನೀರು ಬಿದ್ದರೆ ಬೆಂದು ಇನ್ನೂ ಕಚ್ಚಿಕೊಳ್ಳುತ್ತೆ. ಅರ್ಧ ಗಂಟೆ ಸಾಕು. ಬೇಕನ್ (ಹಂದಿಮಾಂಸದ ತೆಳು ಪಟ್ಟಿ) ಹುರಿದ ಜಿಡ್ಡನ್ನು ಬಿಸಿಬಿಸಿಯಾಗಿ ಸಿಂಕಿಗೇ ಸುರಿಯೋರು ಬೇರೆ! ಅದು ಪೈಪಿನೊಳಗೆ ತಣ್ಣಗಾಗಿ ಮೇಣದ ಹಾಗೆ ಗಟ್ಟಿಯಾಗುತ್ತೆ, ಅದಕ್ಕೆ ಅನ್ನ, ಪಾಸ್ತಾ ಸಿಕ್ಕಿ ಉಬ್ಬುತ್ತೆ, ಆಮೇಲೆ ಕೊಳಕು ನೀರು ಪಕ್ಕದ ಸಿಂಕಿನಲ್ಲಿ ಎದ್ದು ಬರುತ್ತೆ. ಜಿಡ್ಡಿನ ಡಬ್ಬಿ ಸ್ಟೌ ಪಕ್ಕದಲ್ಲೇ ಇರುತ್ತಲ್ಲ, ಅದಕ್ಕೆ ಸುರಿಯೋಕೆ ಎಷ್ಟು ಹೊತ್ತು ಬೇಕು? ಎಂಜಲು ಕೆರೆಯದೆ ಡಿಶ್‌ವಾಶರಿಗೆ ತುರುಕಿದರೆ ಫಿಲ್ಟರ್ ಕಟ್ಟಿಕೊಂಡು ಅದೇ ಗಲೀಜು ನೀರು ಎಲ್ಲರ ಲೋಟದ ಮೇಲೂ ಚಿಮ್ಮುತ್ತೆ.

ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಮತ್ತೆ ಅದೇ ಸಿಂಕು. ಕೇಳಿದರೆ "ದಂಡ ಕಟ್ತೀನಿ ಬಿಡು" ಅಂತಾರೆ. ದಂಡ ಕಟ್ಟಿದರೆ ಟ್ರೇ ತಾನಾಗಿ ತೊಳೆದುಕೊಳ್ಳುತ್ತಾ?