ಬಾಬ್‌ನ ಚೆಂಡು ಮರೆತುಬಿಟ್ರಾ?

ಹವ್ಯಾಸಿ ಪತ್ತೇದಾರಿಣಿಯರ ಕಾದಂಬರಿಗಳಲ್ಲಿ ನಾಯಿ ಇರೋದು ಬರೀ ಮುದ್ದಿಗೆ ಅಂತ ಬರೆದಿದ್ದೀರಿ. ಒಪ್ಪೋಕಾಗಲ್ಲ ಸಾರ್. ಅಗಾಥಾ ಕ್ರಿಸ್ಟಿಯ 'ಡಂಬ್ ವಿಟ್ನೆಸ್' (1937) ನೋಡಿ. ಅಲ್ಲಿ ಪತ್ತೇದಾರ ಪ್ವಾರೋ, ಹೆಂಗಸಲ್ಲ, ನಿಜ. ಆದ್ರೆ ಕತೆಯ ಗಂಟು ಇರೋದು ಬಾಬ್ ಅನ್ನೋ ಟೆರಿಯರ್ ನಾಯಿಯ ಚೆಂಡಿನಲ್ಲಿ. ಮನೆಯ ಯಜಮಾನಿ, ವಯಸ್ಸಾದಾಕೆ, ರಾತ್ರಿ ಮೆಟ್ಟಿಲಿಂದ ಉರುಳಿ ಬೀಳ್ತಾಳೆ. ಚೆಂಡು ಅಲ್ಲೇ ಬಿಟ್ಟಿದ್ದ ನಾಯಿದೇ ತಪ್ಪು ಅಂತಾರೆ ಎಲ್ಲರೂ. ಪಾಪ, ಅದು ಅವತ್ತು ರಾತ್ರಿ ಮನೇಲೇ ಇರಲಿಲ್ಲ! ಮೆಟ್ಟಿಲ ಮೇಲ್ತುದಿಯಲ್ಲಿ, ಗೋಡೆ ಬುಡದ ಹಲಗೆಗೆ ಹೊಡೆದ ಒಂದು ಮೊಳೆ, ಅದರ ತಲೆಗೆ ವಾರ್ನಿಷ್... ಸಾಕು, ಓದದವರು ಬೈತಾರೆ. ನಾಯಿ ಬಾಯಲ್ಲಿ ಮಾತಾಡಿಸಿರೋದು ಸ್ವಲ್ಪ ಅತಿ ಅನ್ಸತ್ತೆ, ಅದು ಬೇರೆ ವಿಷಯ. ಅಂದ ಹಾಗೆ, ಕ್ರಿಸ್ಟಿ ಆ ಪುಸ್ತಕ ಅರ್ಪಿಸಿದ್ದು ತನ್ನ ನಾಯಿ ಪೀಟರ್‌ಗೆ.