ಆಲ್ಬಂ ಮಾಡೋಣವೇ, ಒಂದೊಂದೇ ಹಾಡು ಬಿಡೋಣವೇ? ಮುಂಬಯಿಯ ಕನ್ನಡ ರಾಕ್ ಬ್ಯಾಂಡಿನೊಳಗಿನ ಜಗಳ

ನಮ್ಮದು ನಾಲ್ಕು ಜನರ ಬ್ಯಾಂಡ್. ಇಬ್ಬರು ಡೊಂಬಿವಲಿಯವರು, ಒಬ್ಬ ಮೀರಾ ರೋಡ್, ಹಾಡುವವಳು ಚೆಂಬೂರು. ಮನೆಯಲ್ಲಿ ತುಳು, ಟ್ರೇನಿನಲ್ಲಿ ಮರಾಠಿ ಹಿಂದಿ, ಹಾಡು ಮಾತ್ರ ಕನ್ನಡ. ಕೈಯಲ್ಲಿ ಎಂಟು ಹಾಡುಗಳಿವೆ. ಎಂಟನ್ನೂ ಸ್ಟುಡಿಯೋದಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಿ ಆಲ್ಬಂ ತರುವುದಾ, ಇಲ್ಲ ಎರಡು ತಿಂಗಳಿಗೆ ಒಂದರಂತೆ ಬಿಡುವುದಾ ಎನ್ನುವಲ್ಲಿ ಗಾಡಿ ನಿಂತಿದೆ. ಗಿಟಾರಿಸ್ಟ್ ಆಲ್ಬಂ ಪರ, ಡ್ರಮ್ಮರ್ ವಿರೋಧ. ಹಾಡುವವಳು ಮತ್ತು ಬೇಸ್ ನುಡಿಸುವವನು "ಜಗಳ ಸಾಕು, ಬರೆದು ಕೊಡಿ, ಓದಿ ವೋಟು ಹಾಕುತ್ತೇವೆ" ಎಂದರು. ಬರೆದಿದ್ದು ಹೀಗಿದೆ.

ಪರ: ಆಲ್ಬಂ ಬೇಕು (ಗಿಟಾರಿಸ್ಟ್)

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಡ್ರಮ್ಮರ್ ಅದನ್ನೇ ಎತ್ತುತ್ತಾನೆ ಅಂತ ಗೊತ್ತು. ಆದರೆ ರಾಕ್ ರೆಕಾರ್ಡಿಂಗಿನಲ್ಲಿ ಜಾಸ್ತಿ ಹೊತ್ತು ತಿನ್ನುವುದು ಅವನ ವಾದ್ಯವೇ. ಕಾಲಲ್ಲಿ ಬಡಿಯುವ ಕಿಕ್ ಡ್ರಮ್‌ಗೆ ಒಂದು ಮೈಕ್, ಸ್ನೇರ್‌ಗೆ ಮೇಲೊಂದು ಕೆಳಗೊಂದು, ಪ್ರತಿ ಟಾಮ್‌ಗೆ ಒಂದೊಂದು, ಸಿಂಬಲ್‌ಗಳ ಮೇಲೆ ಎರಡು, ಕೋಣೆಯ ಗುಂಗಿಗೆ ಇನ್ನೆರಡು. ಡ್ರಮ್ ಟ್ಯೂನ್ ಮಾಡಿ, ಮೈಕ್ ಒಂದಿಂಚು ಆಚೀಚೆ ಸರಿಸಿ, "ಹಾಂ, ಇದು" ಅನ್ನುವಂಥ ಸದ್ದು ಸಿಗುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅಷ್ಟೆಲ್ಲ ಮಾಡಿ ಒಂದೇ ಹಾಡು ನುಡಿಸಿ ಎದ್ದು ಬಂದರೆ ಆ ಅರ್ಧ ದಿನದ ಬಾಡಿಗೆ ಒಂದೇ ಹಾಡಿನ ತಲೆಗೆ ಬೀಳುತ್ತದೆ. ಡ್ರಮ್ಸ್ ಇರುವ ಹಾಡು ಏಳು, ಏಳು ಸಲ ಹೋದರೆ ಏಳು ಅರ್ಧ ದಿನ. ಅದರ ಬದಲು ಕಿಟ್ ಹಾಗೇ ಇಟ್ಟು ಬೆನ್ನು ಬೆನ್ನಿಗೆ ಕೂತು ಏಳೂ ಹಾಡಿನ ಡ್ರಮ್ಸ್ ಮುಗಿಸಬಹುದಲ್ವಾ?

ಉಳಿದಿದ್ದಕ್ಕೆ ದೊಡ್ಡ ಸ್ಟುಡಿಯೋ ಬೇಕಾಗಿಲ್ಲ. ಬೇಸ್, ಗಿಟಾರ್ ಎರಡನ್ನೂ ಮನೆಯಲ್ಲೇ ಲ್ಯಾಪ್‌ಟಾಪಿಗೆ ನೇರ ನುಡಿಸಿಕೊಂಡು, ಆಮೇಲೆ ಒಂದೇ ದಿನ ಒಳ್ಳೆಯ ಆಂಪ್ (ಗಿಟಾರಿನ ಸದ್ದು ಹೊರಡಿಸುವ ಪೆಟ್ಟಿಗೆ) ಮೂಲಕ ಹಾಯಿಸಿ ಮತ್ತೆ ರೆಕಾರ್ಡ್ ಮಾಡಿದರೆ ಆಯ್ತು. ಹಾಡುವುದನ್ನೂ ಮನೆಯಲ್ಲೇ ಮಾಡಬಹುದು, ಗಣಪತಿ ಹಬ್ಬದ ದಿನಗಳನ್ನು ಬಿಟ್ಟು. ಡೊಂಬಿವಲಿಯಲ್ಲಿ ಢೋಲ್-ತಾಶಾ ನುಗ್ಗದ ಗೋಡೆ ಇನ್ನೂ ಕಟ್ಟಿಲ್ಲ.

ದುಡ್ಡಿನ ಮಾತು ಅಷ್ಟೇ. ನನಗೆ ಆಲ್ಬಂ ಬೇಕಾಗಿರುವ ಕಾರಣ ಬೇರೆ.

ನಮ್ಮ ಎಂಟು ಹಾಡಿನಲ್ಲಿ ಕೆಲವನ್ನು ನೋಡಿ. ಒಂದು ಶರೀಫರ ತತ್ವಪದ. ಒಂದು ಬೇಂದ್ರೆ ಪದ್ಯ. ಎರಡು ಲೋಕಲ್ ಟ್ರೇನಿನ ಹಾಡು, ಜೋರು ಗಲಾಟೆಯವು. ಒಂದರಲ್ಲಿ ಅರ್ಧ ತುಳು. ಒಂದಕ್ಕೆ ಡ್ರಮ್ಸೇ ಇಲ್ಲ. ಇವನ್ನು ಎರಡು ತಿಂಗಳಿಗೊಂದರಂತೆ ಬಿಟ್ಟರೆ ಕೇಳುವವರಿಗೆ ಸಿಗುವುದು ಸಂಬಂಧವಿಲ್ಲದ ಎಂಟು ಪರಿಚಯ. ಶರೀಫರ ಹಾಡು ಮೊದಲು ಬಿಟ್ಟರೆ "ಓ, ಜಾನಪದ ಫ್ಯೂಷನ್" ಅಂತ ಹಣೆಪಟ್ಟಿ. ಟ್ರೇನಿನ ಹಾಡು ಮೊದಲು ಬಿಟ್ಟರೆ "ಕನ್ನಡದಲ್ಲಿ ಕಿರುಚುವವರು". ಎರಡೂ ನಾವಲ್ಲ. ಅವು ಪಕ್ಕಪಕ್ಕ ಇದ್ದಾಗ ಮಾತ್ರ ನಾವು.

ಇದು ನಡೆಯುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಿದ್ದು ಇದೇ ಮುಂಬಯಿಯ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿಯ ಲೇಬಲ್‌ನಿಂದ, ಅಂದರೆ ಅವರ ಸಂಗೀತ ಕಂಪನಿಯಿಂದ. ಅದರಲ್ಲಿ ಶರೀಫರ ಪದಗಳು ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ಒಂದೇ ಸಾಲಿನಲ್ಲಿ ಕೂತಿದ್ದವು. ಕನ್ನಡ ಒಂದಕ್ಷರ ಬಾರದವರೂ ಹಿಂದಿ ಹಾಡಿಗೆ ಅಂತ ಬಂದು ಕನ್ನಡದ್ದಕ್ಕೆ ನಿಂತರು. ಆ ಹಾಡನ್ನು ಅವರಾಗಿ ಹುಡುಕುತ್ತಿದ್ದರಾ? ಇಲ್ಲ. ಪಕ್ಕದಲ್ಲಿತ್ತು, ಕಿವಿಗೆ ಬಿತ್ತು.

ಮುಂಬಯಿ ರಾಕ್‌ನ ಕಥೆಯೂ ಆಲ್ಬಂಗಳ ಕಥೆಯೇ. 1980ರ ದಶಕದಲ್ಲಿ ಇಲ್ಲಿನ ಬ್ಯಾಂಡ್ ಅಂದರೆ ಹೆಚ್ಚಾಗಿ ವಿದೇಶಿ ಬ್ಯಾಂಡುಗಳ ಹಾಡು ನುಡಿಸುವವರು. ರಾಕ್ ಮಷೀನ್ 1988ರಲ್ಲಿ ಸ್ವಂತ ಹಾಡುಗಳ ಆಲ್ಬಂ ತಂದಿದ್ದರಿಂದಲೇ ಇವತ್ತಿಗೂ ಅವರ ಹೆಸರು ಹೇಳುತ್ತೇವೆ. ಅವರೇ ಮುಂದೆ ಇಂಡಸ್ ಕ್ರೀಡ್ ಆದರು. ಅದೇ ಕಾಲದಲ್ಲಿ ಧೋಬಿತಲಾವ್‌ನ ರಂಗಭವನದಲ್ಲಿ ಚೆನ್ನಾಗಿ ನುಡಿಸಿ ಮನೆಗೆ ಹೋದ ಬ್ಯಾಂಡುಗಳಲ್ಲಿ ಎಷ್ಟು ನೆನಪಿವೆ ಹೇಳಿ.

ಇನ್ನು "ಆಲ್ಬಂ ಪೂರ್ತಿ ಕೇಳುವ ತಾಳ್ಮೆ ಯಾರಿಗೂ ಇಲ್ಲ" ಎಂಬ ಮಾತು. ಯಾರಿಗೆ ಇಲ್ಲ? ನಮ್ಮಪ್ಪ ಅಮ್ಮನಂಥವರಿಗೆ 1978ರ 'ನಿತ್ಯೋತ್ಸವ' ಧ್ವನಿಸುರುಳಿಯಲ್ಲಿ ಯಾವ ಹಾಡಾದ ಮೇಲೆ ಯಾವುದು ಎಂಬುದು ಇವತ್ತಿಗೂ ಬಾಯಿಪಾಠ. ಮುಂಬಯಿಯ ನಮ್ಮ ಜನ ತಾಳಮದ್ದಳೆಗೆ ಮೂರು ಗಂಟೆ ಕೂರುತ್ತಾರೆ. ನಲವತ್ತು ನಿಮಿಷದ ಆಲ್ಬಂಗೆ ಕೂರಲ್ವಾ? ಬ್ರಿಟಿಷ್ ಗಾಯಕಿ ಅಡೆಲ್ ಕೇಳಿಕೊಂಡರು ಅಂತ 2021ರಲ್ಲಿ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಆಲ್ಬಂ ಪುಟದ ದೊಡ್ಡ ಗುಂಡಿಯಿಂದ ಶಫಲ್ (ಹಾಡುಗಳ ಕ್ರಮ ಕಲಸುವುದು) ತೆಗೆಯಿತು. ಕ್ರಮ ಅನ್ನುವುದು ಇನ್ನೂ ಸತ್ತಿಲ್ಲ.

ಕ್ರಮದಷ್ಟೇ ಮುಖ್ಯ ಸದ್ದಿನ ಏರಿಳಿತ. ಬಿಡಿ ಹಾಡುಗಳನ್ನು ಪ್ಲೇಲಿಸ್ಟಿನಲ್ಲಿ ಹಾಕಿದರೆ ಸ್ಪಾಟಿಫೈ ಪ್ರತಿ ಹಾಡನ್ನೂ ಒಂದೇ ಮಟ್ಟದ ಸದ್ದಿಗೆ ತರುತ್ತದೆ. ನಮ್ಮ ಡ್ರಮ್ಸ್ ಇಲ್ಲದ ಮೆಲ್ಲನೆಯ ಹಾಡು ಟ್ರೇನಿನ ಹಾಡಿನಷ್ಟೇ ಜೋರಾಗಿ ಕೇಳುತ್ತದೆ. ಆಲ್ಬಂ ಆಗಿ ಕೇಳುವಾಗ ಹಾಗಲ್ಲ. ಇಡೀ ಆಲ್ಬಂಗೆ ಒಂದೇ ಲೆಕ್ಕ, ಒಳಗಿನ ಏರಿಳಿತ ಹಾಗೇ ಉಳಿಯುತ್ತದೆ. ಮಾಸ್ಟರಿಂಗ್ ಮಾಡುವವರು, ಅಂದರೆ ರೆಕಾರ್ಡ್ ಆದ ಹಾಡುಗಳಿಗೆ ಕೊನೆಯ ಹದ ಕೊಡುವವರು, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಸೆಕೆಂಡು ಸುಮ್ಮನಿರಬೇಕು ಅಂತ ಕೂತು ಕೇಳಿ ಇಡುತ್ತಾರೆ. ಆ ಜಗಳ ಆಡುವುದಕ್ಕೇ ನನಗೆ ಆಲ್ಬಂ ಬೇಕು.

ಮತ್ತೆ, ನಮಗೆ ಯಾರಾದರೂ ವೇದಿಕೆ ಕೊಟ್ಟರೆ ನಲವತ್ತೈದು ನಿಮಿಷ ಕೊಡುತ್ತಾರೆ. ಎಂಟು ಹಾಡು. ಅಂದರೆ ಆ ಆಲ್ಬಂ ನಮ್ಮ ಬಳಿ ಆಗಲೇ ಇದೆ. ರೆಕಾರ್ಡ್ ಆಗಿಲ್ಲ, ಅಷ್ಟೇ.

ವಿರೋಧ: ಈಗ ಬೇಡ (ಡ್ರಮ್ಮರ್)

ಡ್ರಮ್ಸ್ ಲೆಕ್ಕ ಸರಿ ಇದೆ. ಒಪ್ಪಿದೆ. ಆದರೆ ಮಾರಾಯ, ಬೆನ್ನು ಬೆನ್ನಿಗೆ ಏಳು ಹಾಡು ನುಡಿಸುವವನು ನಾನು, ನೀನಲ್ಲ. ಲಯ ತಪ್ಪದಿರಲಿ ಅಂತ ಟಿಕ್ ಟಿಕ್ ಅನ್ನುವ ಕ್ಲಿಕ್ ಕಿವಿಯಲ್ಲಿ ಹಾಕಿಕೊಂಡು ನುಡಿಸಿದರೆ ಐದನೆಯ ಹಾಡಿನ ಹೊತ್ತಿಗೆ ಮಣಿಕಟ್ಟು ಹೋಗಿರುತ್ತದೆ. ಆರನೆಯದರಿಂದ ಕೇಳುವುದು ಸುಸ್ತು. ಎಡಿಟ್ ಮಾಡಿ ಸರಿ ಮಾಡಬಹುದು ನಿಜ. ಹಾಗೆ ಸರಿ ಮಾಡಿದ ಡ್ರಮ್ಸ್ ಯಂತ್ರದ ಥರ ಕೇಳಿಸಿದರೆ ಬೈಸಿಕೊಳ್ಳುವುದೂ ನಾನೇ.

ನನ್ನ ಮುಖ್ಯ ತಕರಾರು ಒಂದೇ. ಆಲ್ಬಂ ಅದರಲ್ಲಿ ಎಲ್ಲಕ್ಕಿಂತ ನಿಧಾನದ ಹಾಡಿಗಾಗಿ ಕಾಯುತ್ತದೆ.

ಆ ನಿಧಾನದ ಹಾಡು ಯಾವುದು ಅಂತ ನಾಲ್ವರಿಗೂ ಗೊತ್ತು. ಬೇಂದ್ರೆ ಪದ್ಯದ್ದು. ಶರೀಫರು ಹೋಗಿದ್ದು 1889ರಲ್ಲಿ. ಅವರ ತತ್ವಪದಕ್ಕೆ ಯಾರ ಅನುಮತಿಯೂ ಬೇಡ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಅದೂ ಇದೇ ಮುಂಬಯಿಯಲ್ಲಿ. ನಮ್ಮ ಕಾನೂನಿನ ಪ್ರಕಾರ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಂದರೆ 2041ರ ಕೊನೆಯವರೆಗೂ ಆ ಪದ್ಯ ಹಾಡಿ ಮಾರಬೇಕಾದರೆ ಹಕ್ಕಿರುವವರನ್ನು ಕೇಳಬೇಕು. ಕೇಳೋಣ, ಕೇಳಲೇಬೇಕು. ಪತ್ರ ಬರೆಯಬೇಕು, ಉತ್ತರ ಬರಬೇಕು, ಒಪ್ಪಂದ ಆಗಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, "ಬೇಡ" ಅಂತಲೂ ಬರಬಹುದು. ಅಷ್ಟು ದಿನ ತಯಾರಿರುವ ಏಳು ಹಾಡು ಹಾರ್ಡ್‌ಡಿಸ್ಕಿನಲ್ಲಿ ಕೂತಿರಬೇಕಾ? ಒಂದೊಂದೇ ಬಿಡುವುದಾದರೆ ಶರೀಫರ ಹಾಡನ್ನು ನಾಳೆಯೇ ಬಿಡಬಹುದು.

ಇನ್ನು ನಾಲ್ವರ ಬದುಕು. ಹಾಡುವವಳಿಗೆ ಮಾರ್ಚ್‌ನಲ್ಲಿ ಆಫೀಸಿನ ಲೆಕ್ಕ ಮುಗಿಸುವ ಗಡಿಬಿಡಿ. ಬೇಸ್‌ನವನ ಮನೆಯವರ ಹೋಟೆಲು ಇದೆ, ಶನಿವಾರ ಭಾನುವಾರ ಅವನು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ನಾನು ಸಂಜೆ ಆರೂವರೆಗೆ ಸಿಂಬಲ್ ಚೀಲ ಹೊತ್ತು ದಾದರ್‌ನಲ್ಲಿ ಫಾಸ್ಟ್ ಲೋಕಲ್ ಹತ್ತುವುದು ನೋಡಿದವರು ರಾಕ್ ಎಂಬ ಮಾತು ಎತ್ತುವುದಿಲ್ಲ. ಇಂಥ ಬ್ಯಾಂಡಿಗೆ ಆಲ್ಬಂ ಅಂದರೆ ಏನೂ ಹೊರಗೆ ಬಾರದ ಒಂದೂವರೆ ಎರಡು ವರ್ಷ. ಅಷ್ಟರಲ್ಲಿ ಒಬ್ಬನಿಗೆ ಬೆಂಗಳೂರಿಗೆ ವರ್ಗ ಆದರೆ ಮುಗಿಯಿತು.

ಅವನು ಹೇಳಿದ ಬ್ಯಾಂಡನ್ನೇ ನೋಡಿ. ಇಂಡಸ್ ಕ್ರೀಡ್ 1995ರಲ್ಲಿ ಒಂದು ಆಲ್ಬಂ ತಂದಿತು. ಆಮೇಲೆ ಬ್ಯಾಂಡ್ ಒಡೆಯಿತು, ಮತ್ತೆ ಸೇರಿತು, ಮುಂದಿನ ಆಲ್ಬಂ ಬಂದಿದ್ದು 2012ರಲ್ಲಿ. ಮುಂಬಯಿಯದೇ ಇನ್ನೊಂದು ರಾಕ್ ಬ್ಯಾಂಡ್ ಪೆಂಟಾಗ್ರಾಮ್‌ದು 1996ರಿಂದ 2011ರವರೆಗೆ ನಾಲ್ಕೇ ಆಲ್ಬಂ. ಅವರ ವೃತ್ತಿಯೇ ಸಂಗೀತ. ನಮ್ಮದು ಅಲ್ಲ.

ಕೇಳುವವರ ವಿಷಯಕ್ಕೆ ಬರೋಣ. ತಾಳಮದ್ದಳೆಯ ಮಾತು ಚೆನ್ನಾಗಿದೆ, ಆದರೆ ಅದು ನನ್ನ ಕಡೆಗೇ ವಾಲುತ್ತದೆ. ಜನ ಮೂರು ಗಂಟೆ ಕೂರುವುದು ಪಾತ್ರದ ಮಾತಾಡುವ ಅರ್ಥಧಾರಿ ಎದುರಿಗೆ ಇದ್ದಾನೆ ಅಂತ. ಇವತ್ತು ಏನು ಹೇಳುತ್ತಾನೋ ನೋಡೋಣ ಅಂತ. ಹಾಗಾದರೆ ನಾವು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಎದುರಿಗೆ ನಿಂತು ನುಡಿಸಬೇಕು. ಆಲ್ಬಂ ಯಾರೂ ಎದುರಿಗಿಲ್ಲದ ಕಡೆ ಕೇಳುವಂಥದ್ದು. ಧ್ವನಿಸುರುಳಿ ಬಾಯಿಪಾಠ ಆಗಿದ್ದಕ್ಕೂ ಕಾರಣ ಇದೆ. ಮನೆಯಲ್ಲಿ ಇದ್ದದ್ದೇ ಆರೇಳು ಕ್ಯಾಸೆಟ್, ಮುಂದೆ ಓಡಿಸುವುದು ರಗಳೆ.

ನಲವತ್ತು ನಿಮಿಷ ಎಂಬ ಲೆಕ್ಕ ಯಾವ ಕಲಾವಿದನ ತಲೆಯಿಂದಲೂ ಬಂದದ್ದಲ್ಲ. 1948ರಲ್ಲಿ ಎಲ್‌ಪಿ ಎಂಬ ಗ್ರಾಮಫೋನ್ ತಟ್ಟೆ ಬಂತು. ಅದರ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತಿತ್ತು. ಎರಡು ಬದಿ ಸೇರಿದರೆ ನಲವತ್ತು. ಈಗ ತಟ್ಟೆಯೇ ಇಲ್ಲ. ಸಿಡಿ ಮಾಡಿಸಿದರೆ ಕೊಡುವುದು ಯಾರಿಗೆ? ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಹೋಯಿತು. ಕಾಲಾ ಘೋಡಾದ ಸಂಗೀತದ ಅಂಗಡಿ ರಿದಮ್ ಹೌಸ್ 2016ರಲ್ಲೇ ಬಾಗಿಲು ಹಾಕಿತು.

ಸ್ಟ್ರೀಮಿಂಗ್‌ನ ನಿಯಮಗಳೂ ಬಿಡಿ ಹಾಡಿನ ಕಡೆಗಿವೆ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟಿಗೆ ಹಾಡು ಕಳಿಸಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಕಳಿಸಬೇಕು, ಒಂದು ಸಲಕ್ಕೆ ಒಂದೇ ಹಾಡು. ಎಂಟು ಹಾಡಿನ ಆಲ್ಬಂ ಬಿಟ್ಟರೆ ಏಳು ಹಾಡಿಗೆ ಆ ಅವಕಾಶವೇ ಇಲ್ಲ. ಬೇರೆ ಬೇರೆಯಾಗಿ ಬಿಟ್ಟರೆ ಎಂಟು ಅವಕಾಶ. ಮತ್ತೆ 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಅವರು ಒಂದು ಪೈಸೆಯೂ ಕೊಡುವುದಿಲ್ಲ. ಆಲ್ಬಂನಲ್ಲಿ ಮೊದಲ ಎರಡು ಹಾಡು ಕೇಳಿ ಜನ ಎದ್ದು ಹೋಗುತ್ತಾರೆ. ಏಳನೆಯ ಸ್ಥಾನದಲ್ಲಿರುವ ಅರ್ಧ ತುಳು ಹಾಡು ಸಾವಿರ ಮುಟ್ಟುತ್ತದಾ? ಆ ಹಾಡು ನನಗೆ ಎಲ್ಲಕ್ಕಿಂತ ಇಷ್ಟ. ಅದನ್ನು ಏಳನೆಯ ಸ್ಥಾನದಲ್ಲಿ ಮುಚ್ಚಿಡುವುದು ನನಗೆ ಬೇಡ. ಒಂಟಿಯಾಗಿ ಬಿಟ್ಟರೆ ಮಂಗಳೂರಿನವರೂ, ಗಲ್ಫಿನಲ್ಲಿರುವ ನಮ್ಮವರೂ ಕೇಳುತ್ತಾರೆ.

ರಘು ದೀಕ್ಷಿತ್ ಉದಾಹರಣೆಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಅಲ್ಲಿ ಆಲ್ಬಂ ಕೆಲಸ ಮಾಡಿತು, ನಿಜ. ಆದರೆ ಅದು 2008. ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರಲ್ಲಿ. ಅವರ ಹಿಂದೆ ಮುಂಬಯಿ ಸಿನಿಮಾ ಸಂಗೀತದ ಇಬ್ಬರು ದೊಡ್ಡವರು ನಿಂತಿದ್ದರು. ನಮ್ಮ ಹಿಂದೆ ಬೇಸ್‌ನವನ ಮಾವ ಇದ್ದಾರೆ, ಅವರೂ ಟಿ-ಶರ್ಟಿನ ದುಡ್ಡು ಮಾತ್ರ ಕೊಡುತ್ತೇನೆ ಎಂದಿದ್ದಾರೆ.

ನಾಲ್ಕು ಬಿಡಿ ಹಾಡು ಬಿಡುತ್ತ ಹೋಗಿ, ಐದನೆಯದರ ಹೊತ್ತಿಗೆ ಎಲ್ಲ ಸೇರಿಸಿ ಆಲ್ಬಂ ಮಾಡುವ ದಾರಿಯೂ ಇದೆ. ಪ್ರತಿ ರೆಕಾರ್ಡಿಂಗಿಗೂ ಇರುವ ಗುರುತಿನ ನಂಬರು, ಐಎಸ್‌ಆರ್‌ಸಿ, ಅದೇ ಇಟ್ಟರೆ ಅಲ್ಲಿಯವರೆಗೆ ಕೇಳಿದವರ ಲೆಕ್ಕವೂ ಉಳಿಯುತ್ತದೆ. ಇದಕ್ಕೆ ಗಿಟಾರಿಸ್ಟ್ "ಕ್ರಮ ಹಳಸಿಹೋಗುತ್ತದೆ" ಅನ್ನುತ್ತಾನೆ. ಹಳಸಲಿ. ಒಂದು ಹಾಡು ಬಿಟ್ಟು, ವೇದಿಕೆಯಲ್ಲಿ ನುಡಿಸಿ, ಮುಂದಿನದಕ್ಕೆ ಸ್ನೇರ್ ಇನ್ನೂ ಚೆನ್ನಾಗಿ ಟ್ಯೂನ್ ಮಾಡಿ, ಮಾತು ತಿದ್ದಿ ರೆಕಾರ್ಡ್ ಮಾಡಿದರೆ ಎಂಟನೆಯ ಹಾಡಿನ ಹೊತ್ತಿಗೆ ನಾವು ಇವತ್ತಿಗಿಂತ ಒಳ್ಳೆಯ ಬ್ಯಾಂಡ್ ಆಗಿರುತ್ತೇವೆ.

ಆದರೂ ಇಬ್ಬರು ಆಲ್ಬಂ ಕಡೆ ವೋಟು ಹಾಕಿದರೆ ನನ್ನ ಷರತ್ತು ಇಷ್ಟು. ಮೊದಲು ಬಿಡುಗಡೆಯ ದಿನ ಮತ್ತು ಹಾಲ್ ಗೊತ್ತು ಮಾಡಿ, ಮುಂಗಡ ಕೊಡಿ. ಆಮೇಲೆ ಸ್ಟುಡಿಯೋ. ಬೇಂದ್ರೆ ಪದ್ಯದ ಅನುಮತಿ ಆ ದಿನದೊಳಗೆ ಬರದಿದ್ದರೆ ಏಳೇ ಹಾಡು, ಎಂಟನೆಯದಕ್ಕೆ ಕಾಯುವ ಮಾತಿಲ್ಲ. ಡ್ರಮ್ಸ್‌ಗೆ ನಾಲ್ಕು ದಿನ ಬೇಕು. ಸಿಂಬಲ್ ಚೀಲಕ್ಕೆ ಟ್ಯಾಕ್ಸಿ, ಅದರ ಬಾಡಿಗೆ ಗಿಟಾರಿಸ್ಟಿನದು.